ಬಲಗಡೆಯ ಕಿಟಕಿ

ಹದಿನೈದು ದಿನದಿಂದ ನಮ್ಮ ಮನೆಯಲ್ಲಿ ಒಂದೇ ಚರ್ಚೆ. ಆಯಿಯನ್ನು ಮಂಗಳೂರಿನಿಂದ ಕಾರವಾರದ ಚಿಕ್ಕಿ ಮನೆಗೆ ಯಾವ ರೈಲಿನಲ್ಲಿ ಕರ್ಕೊಂಡು ಹೋಗೋದು? "ಕಾರು ಇದೆಯಲ್ಲ, ರೈಲೆಂಥಕ್ಕೆ?" ಅಂತ ಅಣ್ಣ. ಆಯಿ ಒಪ್ಪುವುದಿಲ್ಲ. ಹೊನ್ನಾವರದಲ್ಲಿ ಹುಟ್ಟಿ, ಶರಾವತಿಯನ್ನು ದೋಣಿಯಲ್ಲಿ ದಾಟುತ್ತ ಬೆಳೆದವಳು. ರೈಲು ಸೇತುವೆಯನ್ನು ದಾಟಿದ್ದೆಲ್ಲ ರಾತ್ರಿ, ಅದೂ ನಿದ್ದೆಯಲ್ಲಿ. ಈಗ ಎರಡೂ ಕಣ್ಣಿಗೆ ಗ್ಲಾಕೋಮಾ. ಇದರಲ್ಲಿ ಪಕ್ಕದ ನೋಟ ಮೊದಲು ಹೋಗುತ್ತದೆ, ಹೋದದ್ದು ತಿರುಗಿ ಬರುವುದಿಲ್ಲ. ಡ್ರಾಪ್ಸ್ ಹಾಕಿ ಇದ್ದಷ್ಟನ್ನು ಕಾಪಾಡಿಕೊಳ್ಳಬೇಕು, ಅಷ್ಟೆ. ಹಾಗಾಗಿ ಮುಂದಿನ ವರ್ಷ ನೋಡೋಣ ಅನ್ನುವ ಮಾತೇ ಇಲ್ಲ.

ಕೊಂಕಣ ರೈಲು ಅಂದರೆ ಉದ್ದಕ್ಕೂ ಸಮುದ್ರ ಅಂದುಕೊಳ್ಳುವವರು ಬಹಳ. ನಿಜವಾಗಿ ಕಡಲು ಕಾಣುವುದು ಅಪರೂಪ. ಈ ದಾರಿಯ ಚೆಂದವೆಲ್ಲ ಹೊಳೆಗಳದ್ದು. ಉಡುಪಿ ದಾಟಿದರೆ ಸ್ವರ್ಣಾ, ಸೀತಾ. ಹೊನ್ನಾವರದಲ್ಲಿ ಶರಾವತಿ, ಕುಮಟಾ ಬಿಟ್ಟ ಮೇಲೆ ಅಘನಾಶಿನಿ, ಅಂಕೋಲೆಗೆ ಮೊದಲು ಗಂಗಾವಳಿ. ಕಾಳಿ ನದಿ ಬೇಕಿದ್ದರೆ ಕಾರವಾರದಲ್ಲಿ ಇಳಿಯದೆ ಗೋವಾ ಕಡೆ ಮುಂದುವರಿಯಬೇಕು. ಶರಾವತಿ ಸೇತುವೆ 2 ಕಿಲೋಮೀಟರಿಗೂ ಉದ್ದ, ಇಡೀ ಕೊಂಕಣ ರೈಲು ಮಾರ್ಗದಲ್ಲೇ ದೊಡ್ಡದು.

ಎಲ್ಲರೂ ಎಡಗಡೆ ಕೂತ್ಕೊಳ್ಳಿ ಅಂತಾರೆ, ಕಡಲು ಆ ಕಡೆ ಅಂತ. ಮುರ್ಡೇಶ್ವರದ ಗೋಪುರಕ್ಕೆ ಅದು ಸರಿ. ಶರಾವತಿಯ ಮೇಲೆ ಮಾತ್ರ ಎಡಕ್ಕೆ ಹೆದ್ದಾರಿಯ ಸೇತುವೆ ಅಡ್ಡ ಬರುತ್ತದೆ. ಬಲಕ್ಕೆ ತೆಂಗಿನ ತೋಟಗಳು, ದೂರಕ್ಕೆ ಘಟ್ಟದ ಸಾಲು. ಆಯಿಗೆ ಬೇಕಾದದ್ದು ಆ ಹೊಳೆ. ಬಲಗಡೆಯೇ ಸರಿ ಎಂದು ನನ್ನ ತೀರ್ಮಾನ.

ಇನ್ನು ರೈಲು. 2023ರ ಕೊನೆಗೆ ಶುರುವಾದ ಮಂಗಳೂರು–ಮಡಗಾಂವ್ ವಂದೇ ಭಾರತ್ ಬೆಳಿಗ್ಗೆ ಹೊರಡುತ್ತದೆ. ಆರಾಮ, ಎಸಿ, ಸೀಟು ಗ್ಯಾರಂಟಿ. ಆದರೆ ಕಿಟಕಿ ತೆಗೆಯುವ ಹಾಗಿಲ್ಲ. "ಗಾಜಿನೊಳಗೆ ಕೂತು ನೋಡುದಾದ್ರೆ ಟೀವಿ ಸಾಕಲ್ಲ!" ಅಂದಳು ಆಯಿ. ಬೆಳಗಿನ ಜಾವ ಮಂಗಳೂರು ಸೆಂಟ್ರಲ್‌ನಿಂದ ಹೊರಡುವ ಪ್ಯಾಸೆಂಜರಿಗೆ ರಿಸರ್ವೇಶನ್ ಇಲ್ಲ, ಆದರೆ ಹೊರಡುವ ಸ್ಟೇಷನ್ನಿನಲ್ಲೇ ಬೇಗ ಹತ್ತಿದರೆ ಬೇಕಾದ ಕಿಟಕಿ ಸಿಗುತ್ತದೆ. ಸೇತುವೆಯ ಹೊತ್ತಿಗೆ ಚೆನ್ನಾಗಿ ಬೆಳಕೂ ಆಗಿರುತ್ತದೆ. ಸಣ್ಣ ಸಣ್ಣ ಸ್ಟೇಷನ್ನುಗಳಲ್ಲೆಲ್ಲ ನಿಲ್ಲುತ್ತದೆ ಎಂದು ಅಣ್ಣನ ಗೊಣಗಾಟ. ನನಗೆ ಅದೇ ಇಷ್ಟ!

ಬರುವಾಗ ವಂದೇ ಭಾರತ್. ಅದು ಮಡಗಾಂವ್‌ನಿಂದ ಸಂಜೆ ಬಿಡುವುದರಿಂದ ಹೊರಗೆ ಹೇಗೂ ಕತ್ತಲು, ದಣಿದ ಆಯಿಗೆ ಮೆತ್ತಗಿನ ಸೀಟು. ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ, ಮೊದಲಿನ ಹಾಗೆ 120 ಅಲ್ಲ. ಹಿರಿಯರ ರಿಯಾಯಿತಿ 2020ರಲ್ಲಿ ನಿಂತದ್ದು ಇನ್ನೂ ಬಂದಿಲ್ಲ, ಪೂರ್ತಿ ದುಡ್ಡು ಕೊಡಲೇಬೇಕು.

ದಿನಕ್ಕೆ ನವೆಂಬರ್ ಆರಿಸಿದ್ದೇನೆ. ಮಳೆಗಾಲದಲ್ಲಿ ಗುಡ್ಡ ಜರಿಯುವ ಭಯಕ್ಕೆ ಈ ಮಾರ್ಗದಲ್ಲಿ ರೈಲುಗಳ ವೇಗ ಇಳಿಸಿ ಬೇರೆ ವೇಳಾಪಟ್ಟಿ ಹಾಕುತ್ತಾರೆ. ನವೆಂಬರಿಗೆ ಅದು ಮುಗಿದಿರುತ್ತದೆ, ಹಸಿರು ಇನ್ನೂ ಇರುತ್ತದೆ, ಬಿಸಿಲಿಗೆ ಆಯಿಯ ಕಣ್ಣು ಅಷ್ಟು ಕುಕ್ಕುವುದೂ ಇಲ್ಲ. ಬೆಳಗಿನ ಡ್ರಾಪ್ಸ್ ಹೊತ್ತಿಗೆ ನಾವು ಸುಮಾರು ಕುಂದಾಪುರದ ಹತ್ತಿರ ಇರುತ್ತೇವೆ. ರೈಲು ಅಲ್ಲಾಡುವಾಗ ಹಾಕಲು ಕಷ್ಟ, ಸ್ಟೇಷನ್ನಿನಲ್ಲಿ ನಿಂತಾಗ ಹಾಕಬೇಕು ಎಂದು ಬರೆದಿಟ್ಟುಕೊಂಡೆ.

ನಿನ್ನೆ ಅಣ್ಣ ಮೆಲ್ಲಗೆ ಕೇಳಿದ, "ಎದುರಿನ ಕಿಟಕಿಯೂ ಒಂದು ಹಿಡಿಲಿಕ್ಕೆ ಆಗ್ತದಾ?" ಮೂರು ಜನರಿಗೆ ಅವಲಕ್ಕಿ ಕಟ್ಟಬೇಕು.