ನಮ್ಮ ಮಹಿಳೆಯರ ಚರಿತ್ರೆಯನ್ನು ಬರೆಯುವವರಾರು?

ವಸಾಹತು ಕಾಲದ ಈಜಿಪ್ಟನ್ನು ಆಳಿದ ಲಾರ್ಡ್ ಕ್ರೋಮರ್, ಮುಸ್ಲಿಮ್ ಮಹಿಳೆಯರ ಪರ್ದಾವು ಆ ಸಮಾಜದ ಪ್ರಗತಿಗೆ ಅಡ್ಡಿಯೆಂದು ಸಾರಿದ್ದನು. ಅದೇ ವ್ಯಕ್ತಿ ಸ್ವದೇಶಕ್ಕೆ ಮರಳಿದ ಬಳಿಕ, ಇಂಗ್ಲೆಂಡಿನ ಮಹಿಳೆಯರಿಗೆ ಮತದಾನದ ಹಕ್ಕು ನೀಡಕೂಡದೆಂಬ ಚಳವಳಿಯ ಮುಂದಾಳಾದನು. ಮಹಿಳಾ ವಿಮೋಚನೆಯ ಹೆಸರಿನ ಈ ಇಬ್ಬಗೆಯ ನೀತಿಯನ್ನು ವಿದ್ವತ್ತಿನ ಬಲದಿಂದ ಬಯಲಿಗೆಳೆದವರಲ್ಲಿ ಲೈಲಾ ಅಹ್ಮದ್ ಪ್ರಮುಖರು.

1940ರಲ್ಲಿ ಕೈರೋದಲ್ಲಿ ಜನಿಸಿದ ಅವರು ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪಡೆದು, ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದಲ್ಲಿ ಬೋಧಿಸಿದರು. 1992ರಲ್ಲಿ ಪ್ರಕಟವಾದ ‘ವಿಮೆನ್ ಆ್ಯಂಡ್ ಜೆಂಡರ್ ಇನ್ ಇಸ್ಲಾಮ್’ ಅವರ ಪ್ರಸಿದ್ಧ ಕೃತಿ. 1999ರಲ್ಲಿ ಹಾರ್ವರ್ಡ್‌ನ ಧರ್ಮ ಅಧ್ಯಯನ ಶಾಲೆಯಲ್ಲಿ ಮಹಿಳೆ ಮತ್ತು ಧರ್ಮದ ಅಧ್ಯಯನಕ್ಕೆ ಪ್ರಥಮ ಪ್ರಾಧ್ಯಾಪಕಿಯಾದರು.

ಅವರ ವೃತ್ತಿಜೀವನದಲ್ಲಿ ನಮಗೆ ಹೆಚ್ಚು ಪಾಠವಿರುವುದು ನಂತರದ ಘಟ್ಟದಲ್ಲಿ. ಪರ್ದಾ ಮರೆಯಾಗುತ್ತಿದ್ದ ಕೈರೋದಲ್ಲಿ ಬೆಳೆದ ಅವರಿಗೆ, ಅಮೆರಿಕದಲ್ಲಿ ಹಿಜಾಬ್‌ಧಾರಿಣಿಯರು ಹೆಚ್ಚುತ್ತಿರುವುದನ್ನು ಕಂಡಾಗ ಆತಂಕವೇ ಆಗಿತ್ತು. ಆದರೆ ಆ ಆತಂಕವನ್ನೇ ಅವರು ತೀರ್ಪೆಂದು ಬಗೆಯಲಿಲ್ಲ. ವರ್ಷಗಳ ಕಾಲ ಅಧ್ಯಯನ ನಡೆಸಿದರು. ಮಹಿಳೆಯರ ಹಕ್ಕು ಮತ್ತು ನ್ಯಾಯಕ್ಕಾಗಿ ದುಡಿಯುವವರ ಮುಂಚೂಣಿಯಲ್ಲಿ ಅಂತಹ ಮಹಿಳೆಯರೂ ಇರುವುದನ್ನು ಕಂಡು, 2011ರ ‘ಎ ಕ್ವೈಯಟ್ ರೆವಲ್ಯೂಷನ್’ ಕೃತಿಯಲ್ಲಿ ತಮ್ಮ ಅಭಿಪ್ರಾಯ ಬದಲಾದುದನ್ನು ಮುಕ್ತವಾಗಿ ಬರೆದರು. 2013ರಲ್ಲಿ ಆ ಕೃತಿಗೆ ಗ್ರೋಮೆಯರ್ ಪ್ರಶಸ್ತಿ ಸಂದಿತು.

ಅವರ ಎಲ್ಲ ನಿಲುವುಗಳನ್ನೂ ನಾವು ಒಪ್ಪಬೇಕಾಗಿಲ್ಲ. ಆರಂಭಕಾಲದ ಇಸ್ಲಾಮೀ ಸಮಾಜ ಮತ್ತು ಕರ್ಮಶಾಸ್ತ್ರದ ಬೆಳವಣಿಗೆಯ ಕುರಿತ ಅವರ ಕೆಲವು ತೀರ್ಮಾನಗಳು ಚರ್ಚಾರ್ಹವೇ ಆಗಿವೆ. ಆದರೆ ಸಂಶೋಧನೆಗೆ ಉತ್ತರ ಸಂಶೋಧನೆಯೇ ಹೊರತು ಆಕ್ಷೇಪದ ಗದ್ದಲವಲ್ಲ.

ಇಲ್ಲಿ ನಮ್ಮ ಮನೆಗಳತ್ತ ನೋಡಿಕೊಳ್ಳಬೇಕಾಗಿದೆ. ಉತ್ತಮ ಅಂಕ ಗಳಿಸಿದ ಮಗಳನ್ನು ವೈದ್ಯಕೀಯಕ್ಕೋ ಇಂಜಿನಿಯರಿಂಗ್‌ಗೋ ಕಳುಹಿಸಲು ನಾವು ಸಾಲ ಮಾಡಲೂ ಸಿದ್ಧರು. ಆಕೆ ಇತಿಹಾಸ ಓದುವೆನೆಂದರೆ, “ಅದರಿಂದೇನು ಪ್ರಯೋಜನ?” ಎಂದು ಕೇಳುತ್ತೇವೆ. ಮುಸ್ಲಿಮ್ ಮಹಿಳೆಯ ಕುರಿತು ಇತರರೇ ಬರೆದು, ಇತರರೇ ವಾದಿಸಿ, ಇತರರೇ ತೀರ್ಮಾನಿಸಿದಾಗ ಮಾತ್ರ ನೋಯುತ್ತೇವೆ.

ಹಝ್ರತ್ ಆಯಿಶಾ(ರ)ರಿಂದ ಹಿರಿಯ ಸಹಾಬಿಗಳೂ ಜ್ಞಾನ ಪಡೆದರು. ಅವರು ವರದಿ ಮಾಡಿದ ಹದೀಸ್‌ಗಳ ಸಂಖ್ಯೆ ಎರಡು ಸಾವಿರಕ್ಕೂ ಅಧಿಕ. ಮಹಿಳೆಯ ಸಾಕ್ಷ್ಯದ ಮೇಲೆ ಧರ್ಮದ ಜ್ಞಾನವನ್ನೇ ಕಟ್ಟಿಕೊಂಡ ಸಮುದಾಯವು, ಮಹಿಳೆ ಚರಿತ್ರೆ ಬರೆಯುವುದನ್ನು ನಿರರ್ಥಕವೆಂದು ಭಾವಿಸುವುದು ಸರಿಯೇ? ಮುಂದಿನ ಬಾರಿ ಮಗಳು ಇತಿಹಾಸದ ಪುಸ್ತಕ ಹಿಡಿದು ಬಂದಾಗ, ಉತ್ತರಿಸುವ ಮುನ್ನ ಹೆತ್ತವರು ಇದನ್ನೊಮ್ಮೆ ಆಲೋಚಿಸಲಿ.