ಪರರ ಹಾಡು, ತನ್ನ ದನಿ

ಹಳ್ಳಿಯ ಗಾಯಕ ಪೇಟೆಯವರ ಹಾಡಿಗೆ ಕೈಹಾಕಿದರೆ ಎರಡು ಕಡೆಯಿಂದಲೂ ಆಕ್ಷೇಪ ಬರುವುದು ಲೋಕರೂಢಿ. ತಮ್ಮದನ್ನು ಬಿಟ್ಟನೆಂದು ಊರವರು ಮುನಿಯುತ್ತಾರೆ. ತಮ್ಮದನ್ನು ಕೆಡಿಸಿದನೆಂದು ಪೇಟೆಯವರು ಮೂಗು ಮುರಿಯುತ್ತಾರೆ. ಅಮೆರಿಕದ ವಿಲ್ಲಿ ನೆಲ್ಸನ್ 1978ರಲ್ಲಿ ಹೊರತಂದ 'ಸ್ಟಾರ್‌ಡಸ್ಟ್' ಎಂಬ ಧ್ವನಿಮುದ್ರಿಕೆ ಇವೆರಡಕ್ಕೂ ತಕ್ಕ ಉತ್ತರವೆಂದು ನಮ್ಮ ಅಭಿಪ್ರಾಯ.

ನೆಲ್ಸನ್ 1933ರಲ್ಲಿ ಟೆಕ್ಸಾಸಿನ ಆಬಟ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿ, ಅಜ್ಜ ಅಜ್ಜಿಯರ ಆಸರೆಯಲ್ಲಿ ಬೆಳೆದವರು. 'ಕಂಟ್ರಿ' ಎಂದು ಕರೆಯಲಾಗುವ ಹಳ್ಳಿಗಾಡಿನ ಗಾಯನದಲ್ಲಿ ಹೆಸರು ಗಳಿಸಿದವರು. ಅಂತಹವರು ನಾಟಕ, ಸಿನಿಮಾ, ನೃತ್ಯಶಾಲೆಗಳಲ್ಲಿ ಮೆರೆದ ಹತ್ತು ಹಳೆಯ ಹಾಡುಗಳನ್ನು ಆರಿಸಿದಾಗ ಮುದ್ರಿಕೆಯ ಕಂಪೆನಿಯವರೇ ಅನುಮಾನಪಟ್ಟರು.

ನೆಲ್ಸನ್ ಪೇಟೆಯ ಗಾಯಕರ ವೇಷ ತೊಡಲಿಲ್ಲ. ದೊಡ್ಡ ವಾದ್ಯಮೇಳದ ಆಡಂಬರಕ್ಕೆ ಹೋಗಲಿಲ್ಲ. ಕೈಯಲ್ಲಿ ಅದೇ ಹಳೆಯ ಗಿಟಾರು, ಪಿಯಾನೋದಲ್ಲಿ ಅಕ್ಕ ಬಾಬಿ, ಜೊತೆಗೊಂದು ಮೌತ್ ಆರ್ಗನ್. ನಿರ್ಮಾಪಕರಾದ ಬುಕರ್ ಟಿ. ಜೋನ್ಸ್ ಮೆಂಫಿಸಿನ ಕರಿಯರ ಸಂಗೀತ ಪರಂಪರೆಯವರು. ತುಸು ಮೂಗಿನ ದನಿ, ತಾಳದಿಂದ ಕೊಂಚ ಹಿಂದೆ ಸರಿದು ಮಾತನಾಡಿದಂತೆ ಹಾಡುವ ಹಳೆಯ ರೀತಿ, ಎರಡನ್ನೂ ಅವರು ಬಿಡಲಿಲ್ಲ. ಫಲವೇನು? ಮುದ್ರಿಕೆ ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಸುಮಾರು ಹತ್ತು ವರ್ಷ ಆ ಪಟ್ಟಿಯಲ್ಲಿ ಉಳಿಯಿತು. ಅದರ 'ಜಾರ್ಜಿಯಾ ಆನ್ ಮೈ ಮೈಂಡ್' ಹಾಡಿನ ಗಾಯನಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂತು.

ಇನ್ನು, ಆ ಹಾಡುಗಳಾದರೂ ಯಾರ ಸ್ವತ್ತು? 'ಬ್ಲೂ ಸ್ಕೈಸ್' ರಚಿಸಿದ ಅರ್ವಿಂಗ್ ಬರ್ಲಿನ್ ರಷ್ಯಾ ಸಾಮ್ರಾಜ್ಯದಲ್ಲಿ ಹುಟ್ಟಿ, ಐದರ ವಯಸ್ಸಿನಲ್ಲಿ ಅಮೆರಿಕಕ್ಕೆ ಬಂದ ಯಹೂದಿ. 'ಸೆಪ್ಟೆಂಬರ್ ಸಾಂಗ್'ಗೆ ರಾಗ ಹಾಕಿದ ಕುರ್ಟ್ ವೈಲ್ ಹಿಟ್ಲರನ ಜರ್ಮನಿಯಿಂದ ಪಾರಾಗಿ ಬಂದವರು. ಹೊರಗಿನಿಂದ ಬಂದವರು ಕಟ್ಟಿದ ಹಾಡುಗಳೇ ಆ ನಾಡಿನ ನಿತ್ಯದ ಹಾಡುಗಳಾದವು. ಆಬಟ್ ಊರಿನ ಹುಡುಗನಿಗೂ ಅವು ರೇಡಿಯೋದ ಮೂಲಕ ಬಾಲ್ಯದಲ್ಲೇ ಪರಿಚಿತವಾಗಿದ್ದವು. ಹಾಗಿರುವಾಗ ಅವನ್ನು ಪರರ ಸೊತ್ತೆಂದು ದೂರವಿಡುವುದು ಹೇಗೆ?

ಹಳೆಯ ಹಾಡಿನ ಹೆಸರಿನಲ್ಲಿ ಬರಿಯ ವ್ಯಾಪಾರಕ್ಕಿಳಿಯುವವರೂ ಉಂಟು. ಅಂತಹವರನ್ನು ಹೊಗಳಬೇಕಾಗಿಲ್ಲ. ಆದರೆ ಪರರ ಹಾಡನ್ನು ಹಾಡಿದ ಮಾತ್ರಕ್ಕೆ ತನ್ನದು ನಾಶವಾಗದು. ಪರರ ಕಂಠವನ್ನು ಎರವಲು ತಂದಾಗಲೇ ಅಪಾಯ. ಮನೆಯಲ್ಲೊಂದು ನುಡಿ, ಬೀದಿಯಲ್ಲೊಂದು ನುಡಿಯ ನಡುವೆ ಮಕ್ಕಳನ್ನು ಬೆಳೆಸುವ ನಮಗೆ ಇದು ದೂರದ ಮಾತೇನಲ್ಲ. ಮಕ್ಕಳು ಎಲ್ಲರ ಹಾಡನ್ನೂ ಹಾಡಲಿ. ದನಿ ಮಾತ್ರ ಮನೆಯದೇ ಇರಲಿ.