ರಜೆಗೆ ಕಳುಹಿಸಿದವರನ್ನು ಮರಳಿ ಕರೆಯುವವರಾರು?

ಮೈಸೂರಿನಿಂದ ನಂಜನಗೂಡಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲೇ ಮಂಡಕಳ್ಳಿ ವಿಮಾನ ನಿಲ್ದಾಣವಿದೆ. 2010ರಲ್ಲಿ ಅದು ಹೊಸ ರೂಪದಲ್ಲಿ ತೆರೆದಾಗ ಮೊದಲು ಸೇವೆ ಆರಂಭಿಸಿದ್ದು ಕಿಂಗ್‌ಫಿಷರ್. ಮರುವರ್ಷವೇ ಆ ಹಾರಾಟ ನಿಂತಿತು. 2012ರಲ್ಲಿ ಸಂಸ್ಥೆಯೇ ನೆಲಕಚ್ಚಿತು. 2017ರಲ್ಲಿ ಉಡಾನ್ ಯೋಜನೆಯಡಿ ಇಲ್ಲಿಂದ ಚೆನ್ನೈಗೆ ಹಾರಿದ ಟ್ರೂಜೆಟ್ ಕೂಡ ಈಗ ಹಾರುತ್ತಿಲ್ಲ. ವಿಮಾನ ನಿಂತಾಗ ಪ್ರಯಾಣಿಕರು ಬಸ್ಸನ್ನೋ ರೈಲನ್ನೋ ಹತ್ತುತ್ತಾರೆ. ವಿಮಾನದೊಳಗೆ ನಿಂತು ದುಡಿಯುತ್ತಿದ್ದ ಗಗನಸಖಿಯರ ಪಾಡೇನು ಎಂಬ ಪ್ರಶ್ನೆಯನ್ನು ನಾವು ಕೇಳುವುದು ಅಪರೂಪ.

ಇದು ಮಹಾನಗರಗಳ ಸಮಸ್ಯೆ, ನಮ್ಮ ಭಾಗಕ್ಕೇನು ಸಂಬಂಧ ಎನ್ನುವವರಿದ್ದಾರೆ. ಆದರೆ ಆ ಕಾಲ ಹಿಂದಾಯಿತು. ನನಗೆ ಪರಿಚಯವಿರುವ ತಿ. ನರಸೀಪುರದ ಕುಟುಂಬವೊಂದು ಸಾಲ ಮಾಡಿ ಮಗಳಿಗೆ ಗಗನಸಖಿಯ ತರಬೇತಿ ಕೊಡಿಸಿತ್ತು. 2020ರ ಕೋವಿಡ್ ದಿನಗಳಲ್ಲಿ ಆಕೆ ಕೆಲಸ ಮಾಡುತ್ತಿದ್ದ ಸಂಸ್ಥೆಯಿಂದ ಒಂದು ಪತ್ರ ಬಂತು. ‘ಸ್ವಂತ ಇಚ್ಛೆಯಿಂದ ವೇತನರಹಿತ ರಜೆ ಕೋರುತ್ತೇನೆ’ ಎಂದು ಅದರಲ್ಲಿ ಮೊದಲೇ ಅಚ್ಚಾಗಿತ್ತು, ಸಹಿಯೊಂದೇ ಬಾಕಿ. ಆಕೆಯ ತಂದೆ ಅದನ್ನು ನನ್ನ ಕೈಗಿತ್ತು, ‘ಮೇಷ್ಟ್ರೇ, ಇದರಲ್ಲಿ ವಾಪಸ್ ಕರೆಯೋ ತಾರೀಖು ಎಲ್ಲಿದೆ ನೋಡಿ’ ಎಂದರು. ಎರಡು ಬಾರಿ ಓದಿದೆ. ತಾರೀಖು ಇರಲಿಲ್ಲ.

ರಜೆಗೂ ವಜಾಕ್ಕೂ ಇರುವ ಅಂತರ ಆ ತಾರೀಖಿನಲ್ಲಿದೆ. ಮರಳುವ ಹಕ್ಕು ಬರವಣಿಗೆಯಲ್ಲಿ ಇದ್ದರೆ ಅದು ರಜೆ. ಇಲ್ಲದಿದ್ದರೆ ಅದು ಪರಿಹಾರ ಕೊಡದೆ ಮನೆಗೆ ಕಳುಹಿಸುವ ಉಪಾಯ.

2020ರ ಜುಲೈನಲ್ಲಿ, ಆಗಿನ್ನೂ ಸರ್ಕಾರದ ಒಡೆತನದಲ್ಲಿದ್ದ ಏರ್ ಇಂಡಿಯಾ ಹೊರಡಿಸಿದ ಆದೇಶವನ್ನು ನೆನೆಯಬಹುದು. ನೌಕರರು ಬಯಸಿದರೆ ಆರು ತಿಂಗಳಿಂದ ಎರಡು ವರ್ಷದವರೆಗೆ ವೇತನರಹಿತ ರಜೆ ಪಡೆಯಬಹುದಿತ್ತು. ಅದನ್ನು ಐದು ವರ್ಷದವರೆಗೆ ವಿಸ್ತರಿಸಲು ಅವಕಾಶವಿತ್ತು. ಅದೇ ಆದೇಶದಲ್ಲಿ, ದಕ್ಷತೆ, ಸಾಮರ್ಥ್ಯ, ಆರೋಗ್ಯ ಮುಂತಾದವನ್ನು ಅಳೆದು ಯಾರನ್ನು ಬೇಕಾದರೂ ಕಡ್ಡಾಯವಾಗಿ ರಜೆಗೆ ಕಳುಹಿಸುವ ಅಧಿಕಾರವನ್ನೂ ಸಂಸ್ಥೆಯ ಮುಖ್ಯಸ್ಥರಿಗೆ ನೀಡಲಾಗಿತ್ತು. ತಾನಾಗಿ ಹೋಗದಿದ್ದರೆ ಕಳುಹಿಸಲಾಗುವುದು ಎಂಬ ಸೂಚನೆ ಪಕ್ಕದಲ್ಲೇ ಇರುವಾಗ ‘ಸ್ವಯಂಪ್ರೇರಿತ’ ಎಂಬ ಮಾತಿಗೆ ಎಷ್ಟು ಅರ್ಥ ಉಳಿಯುತ್ತದೆ? ಖಾಸಗಿ ವಲಯವೂ ಹಿಂದೆ ಬೀಳಲಿಲ್ಲ. ಅದೇ ತಿಂಗಳು ಇಂಡಿಗೊ ತನ್ನ ಸಿಬ್ಬಂದಿಯಲ್ಲಿ ಶೇ 10ರಷ್ಟು ಕಡಿತ ಪ್ರಕಟಿಸಿತು.

ಅಮೆರಿಕದಲ್ಲೂ ಅದೇ ಸಂಕಟವಿತ್ತು. 2020ರ ಅಕ್ಟೋಬರ್ 1ರಂದು ಅಮೆರಿಕನ್ ಮತ್ತು ಯುನೈಟೆಡ್ ಸಂಸ್ಥೆಗಳೆರಡೇ ಸುಮಾರು 32,000 ಮಂದಿಯನ್ನು ಕೆಲಸದಿಂದ ದೂರ ಇಟ್ಟವು. ಆದರೆ ಅಲ್ಲಿ ಕಾರ್ಮಿಕ ಸಂಘದ ಒಪ್ಪಂದವಿರುವ ಕಡೆ ಗಗನಸಖಿಯರಿಗೆ ಜ್ಯೇಷ್ಠತಾ ಪಟ್ಟಿ ಇರುತ್ತದೆ. ಕೊನೆಗೆ ಸೇರಿದವರು ಮೊದಲು ಹೊರಗೆ. ಕೆಲಸ ಮರಳಿದಾಗ ಹಿರಿಯರು ಮೊದಲು ಒಳಗೆ. ವರ್ಷದ ಕೊನೆಗೆ ಸರ್ಕಾರದ ನೆರವು ಮುಂದುವರಿದಾಗ ಹೊರಗಿಟ್ಟವರನ್ನು ಮರಳಿ ಕರೆಯಲಾಯಿತು. ಡೆಲ್ಟಾ ಸಂಸ್ಥೆಯಲ್ಲಿ ಸಾವಿರಾರು ನೌಕರರು ತಾವಾಗಿ ರಜೆ ಪಡೆದದ್ದರಿಂದ ಗಗನಸಖಿಯರ ಕಡಿತವೇ ತಪ್ಪಿತು.

ಜ್ಯೇಷ್ಠತೆಯ ನಿಯಮ ಕಿರಿಯರಿಗೆ ಕ್ರೂರವೆಂಬ ಆಕ್ಷೇಪವಿದೆ. ಅದರಲ್ಲಿ ಸತ್ಯಾಂಶವೂ ಇದೆ. ಸಣ್ಣ ಊರಿನಿಂದ, ಸಾಲದ ಹೊರೆಯೊಂದಿಗೆ ಹೊಸದಾಗಿ ಬಂದವಳೇ ಪಟ್ಟಿಯ ಕೊನೆಯಲ್ಲಿರುತ್ತಾಳೆ. 2008ರ ಅಕ್ಟೋಬರ್‌ನಲ್ಲಿ ಜೆಟ್ ಏರ್‌ವೇಸ್ ಸುಮಾರು 1,900 ಮಂದಿಯನ್ನು ಕೈಬಿಡಲು ಹೊರಟು, ಪ್ರತಿಭಟನೆ ಎದ್ದ ಮೇಲೆ ಹಿಂದೆಗೆದಾಗಲೂ ಬೀದಿಗೆ ಬಂದವರಲ್ಲಿ ಎಳೆಯರೇ ಹೆಚ್ಚು. ನಿಜವಾದ ಸ್ವಯಂಪ್ರೇರಿತ ರಜೆಯ ಬೆಲೆ ಇರುವುದು ಇಲ್ಲಿಯೇ. ಮನೆಯಲ್ಲಿ ಇನ್ನೊಂದು ಸಂಬಳ ಬರುವ, ಮಗುವಿನ ಆರೈಕೆಗೋ ಓದಿಗೋ ಬಿಡುವು ಬೇಕಾದ ಹಿರಿಯಳೊಬ್ಬಳು ತನ್ನ ಜ್ಯೇಷ್ಠತೆ ಕಳೆದುಕೊಳ್ಳದೆ ರಜೆ ಪಡೆಯುವಂತಾದರೆ ಕಿರಿಯಳೊಬ್ಬಳ ಕೆಲಸ ಉಳಿಯುತ್ತದೆ. ಮರಳುವ ಭರವಸೆ ಇಲ್ಲದಿದ್ದರೆ ಯಾವ ಹಿರಿಯಳೂ ಮುಂದೆ ಬರಲಾರಳು. ‘ಸಾಮರ್ಥ್ಯ’ವೊಂದೇ ಮಾನದಂಡವಾದರೆ ಮೇಲಧಿಕಾರಿಯ ಇಷ್ಟಾನಿಷ್ಟಗಳೇ ಕಾನೂನಾಗುತ್ತವೆ. ಸೇರಿದ ದಿನಾಂಕಕ್ಕೆ ಕನಿಷ್ಠ ಪಕ್ಷಪಾತವಿಲ್ಲ.

ನಮ್ಮ ಭಾಗದ ಜನರಿಗೆ ಈ ತತ್ವ ಹೊಸದಲ್ಲ. ನಂಜನಗೂಡು ತಾಲ್ಲೂಕಿನ ಅಳಗಂಚಿಯಲ್ಲಿ ಸಕ್ಕರೆ ಕಾರ್ಖಾನೆಯಿದೆ. ಕಬ್ಬು ಅರೆಯುವುದು ಹಂಗಾಮಿನ ಕೆಲಸ; ಹಂಗಾಮು ಮುಗಿದರೆ ಅಷ್ಟೂ ಜನರಿಗೆ ಕೆಲಸವಿರದು. ಆದ್ದರಿಂದಲೇ ಬಿಡುವಿನ ತಿಂಗಳುಗಳಿಗೂ ಹಂಗಾಮಿ ಕಾರ್ಮಿಕರಿಗೆ ಒಂದಿಷ್ಟು ಭತ್ಯೆ ಕೊಟ್ಟು ಉಳಿಸಿಕೊಳ್ಳಬೇಕೆಂಬ ಪದ್ಧತಿಯನ್ನು ದೇಶದ ಸಕ್ಕರೆ ಉದ್ಯಮದಲ್ಲಿ ವೇತನ ಮಂಡಳಿಗಳು ರೂಪಿಸಿದವು. ಕೆಲಸ ನಿಂತರೂ ಸಂಬಂಧ ಕಡಿಯುವುದಿಲ್ಲ ಎಂಬುದು ಅದರ ಸಾರ. ಕಬ್ಬಿನ ಗಾಣಕ್ಕೆ ಅನ್ವಯಿಸಿದ ವಿವೇಕ ವಿಮಾನಕ್ಕೇಕೆ ಅನ್ವಯಿಸಬಾರದು?

ಕಾನೂನಿನಲ್ಲೊಂದು ವಿಚಿತ್ರ ಬಿರುಕಿದೆ. 1947ರ ಕೈಗಾರಿಕಾ ವಿವಾದ ಕಾಯ್ದೆಯಂತೆ, ಕೆಲಸವಿಲ್ಲವೆಂದು ಲೇ-ಆಫ್ ಮಾಡಿದ ಕಾರ್ಮಿಕನಿಗೆ ಮೂಲವೇತನ ಮತ್ತು ತುಟ್ಟಿಭತ್ಯೆಯ ಅರ್ಧದಷ್ಟು ಪರಿಹಾರ ಸಲ್ಲಬೇಕಿತ್ತು. ಆದರೆ ಆ ರಕ್ಷಣೆ ಇದ್ದದ್ದು ಕಾರ್ಖಾನೆ, ಗಣಿ ಮತ್ತು ತೋಟಗಳಿಗೆ ಮಾತ್ರ. ನಂಜನಗೂಡಿನ ಕೈಗಾರಿಕಾ ಪ್ರದೇಶದ ಕಾಯಂ ಕಾರ್ಮಿಕನಿಗೆ ಕೇಳಲು ಸಾಧ್ಯವಿದ್ದ ಹಕ್ಕು ವಿಮಾನದಲ್ಲಿ ದುಡಿಯುವ ಅವನ ಮಗಳಿಗೆ ಇರಲಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಲೇ-ಆಫ್ ವಿಷಯದಲ್ಲಿ ಇದೇ ಗೆರೆಯನ್ನು ಉಳಿಸಿಕೊಂಡಿದೆ. ಕೊನೆಗೆ ಬಂದವರು ಮೊದಲು ಹೊರಗೆ ಎಂಬ ನಿಯಮವನ್ನೂ, ತೆಗೆದುಹಾಕಿದವರಿಗೆ ಮರುನೇಮಕದಲ್ಲಿ ಆದ್ಯತೆಯನ್ನೂ ಅದು ಕೈಬಿಟ್ಟಿಲ್ಲ, ನಿಜ. ಆದರೆ ನಿಗದಿತ ಅವಧಿಯ ಒಪ್ಪಂದ ಮುಗಿದು ಮನೆಗೆ ಹೋದವರಿಗೆ ಅದು ಸಿಗುವುದಿಲ್ಲ. ‘ಸ್ವಂತ ಇಚ್ಛೆಯಿಂದ’ ರಜೆ ಬರೆದುಕೊಟ್ಟವಳಂತೂ ಕಡತದಲ್ಲಿ ಕೆಲಸ ಕಳೆದುಕೊಂಡವಳೇ ಅಲ್ಲ.

ಗಗನಸಖಿಯರಿಗೆ ಜ್ಯೇಷ್ಠತೆ ಎಂಬುದು ಸುಲಭವಾಗಿ ದಕ್ಕಿದ್ದಲ್ಲ. ಮೊದಲ ಗರ್ಭ ಧರಿಸಿದೊಡನೆ ಸೇವೆ ಮುಗಿಯಿತೆನ್ನುವ ಏರ್ ಇಂಡಿಯಾದ ನಿಯಮವನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಲು 1981ರ ನರ್ಗೇಶ್ ಮಿರ್ಜಾ ಪ್ರಕರಣವೇ ಬೇಕಾಯಿತು. ಅಷ್ಟು ಕಷ್ಟಪಟ್ಟು ಗಳಿಸಿದ ಸೇವಾ ವರ್ಷಗಳನ್ನು ಒಂದು ಅಚ್ಚಾದ ಪತ್ರ ಅಳಿಸಿಹಾಕಬಾರದು.

ವಿಮಾನ ಸಂಸ್ಥೆಗಳು ನಷ್ಟದಲ್ಲಿ ಎಲ್ಲರಿಗೂ ಪೂರ್ಣ ಸಂಬಳ ಕೊಡಲಿ ಎಂದು ನಾನು ಹೇಳುತ್ತಿಲ್ಲ. ಕೇಳುತ್ತಿರುವುದು ನಾಲ್ಕು ಮಾತು. ವೇತನರಹಿತ ರಜೆಗೆ ಕೊನೆಯ ದಿನಾಂಕ ಬರವಣಿಗೆಯಲ್ಲಿರಲಿ. ರಜೆಯ ಅವಧಿ ಜ್ಯೇಷ್ಠತೆಗೆ ಸೇರಲಿ, ಆರೋಗ್ಯ ವಿಮೆ ಮುಂದುವರಿಯಲಿ. ಆ ಹುದ್ದೆಗೆ ಹೊಸಬರನ್ನು ನೇಮಿಸುವ ಮೊದಲು ರಜೆಯಲ್ಲಿರುವವರನ್ನು ಸರದಿಯಂತೆ ಕರೆಯಲಿ. ಲೇ-ಆಫ್ ಪರಿಹಾರವನ್ನು ಕಾರ್ಖಾನೆಯ ಗೋಡೆಯಾಚೆಗೂ ವಿಸ್ತರಿಸಲಿ. ಇವುಗಳಲ್ಲಿ ಮೊದಲ ಮೂರಕ್ಕೆ ಸಂಸ್ಥೆಗಳು ಕಾನೂನಿಗಾಗಿ ಕಾಯಬೇಕಿಲ್ಲ. ಕೊನೆಯದಕ್ಕೆ ಸಂಸತ್ತು ಮನಸ್ಸು ಮಾಡಬೇಕು. ಮುಂದಿನ ಸಂಕಟ ಬರುವ ಮುನ್ನವೇ ಮಾಡಬೇಕು.